ಒಂದು ಬೊಗಸೆ ಬಟಾಣಿ

ತಾರಸಿಯ ಮೇಲೆ ಕುಂಡದಲ್ಲಿ ಬಟಾಣಿ ಬೆಳೆಯುವವನನ್ನು ಜನ ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಸಿಗುತ್ತೆ?” ಗುಲಾಬಿ ಬೆಳೆಸುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ನಾಯಿ ಸಾಕಿದವರನ್ನೂ ಕೇಳುವುದಿಲ್ಲ. ತಿನ್ನುವಂಥದ್ದೇನನ್ನಾದರೂ ಬೆಳೆದಿರೋ, ಆ ಗಳಿಗೆಯಿಂದ ನೀವು ರೈತರು; ಖರ್ಚು, ಇಳುವರಿ, ಲಾಭ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಒಪ್ಪಿಸಿಯೇ ಮುಂದೆ ಹೋಗುತ್ತೇನೆ. ಹನ್ನೆರಡು ಅಂಗುಲ ಬಾಯಿಯ ಕುಂಡದಲ್ಲಿ ಆರೇಳು ಗಿಡ ನಿಲ್ಲುತ್ತವೆ. ಚಳಿ ನೆಟ್ಟಗೆ ಬಿದ್ದು, ಪಾರಿವಾಳಗಳು ಕರುಣೆ ತೋರಿ, ಬೂದಿರೋಗ ತಡವಾಗಿ ಬಂದರೆ ಒಂದು ಕುಂಡಕ್ಕೆ ಒಂದು ಬೊಗಸೆ ಕಾಳು. ಅದೂ ಒಂದೇ ದಿನ ಅಲ್ಲ, ಎರಡು ಮೂರು ವಾರದಲ್ಲಿ ಕಂತು ಕಂತಾಗಿ. ಅಷ್ಟು ಹೊತ್ತಿಗೆ ಸರಿಯಾಗಿ ಮಧ್ಯಪ್ರದೇಶ, ಉತ್ತರಪ್ರದೇಶದ ಕಡೆಯಿಂದ ಲಾರಿಗಟ್ಟಲೆ ಬಟಾಣಿ ಇಳಿದು ಬೆಂಗಳೂರಿನ ತಳ್ಳುಗಾಡಿಗಳ ಮೇಲೆಲ್ಲ ಹಸಿರು ಗುಡ್ಡೆ ಬಿದ್ದಿರುತ್ತದೆ. ವರ್ಷದಲ್ಲಿ ಬಟಾಣಿ ಅತ್ಯಂತ ಅಗ್ಗವಾಗುವ ತಿಂಗಳೇ ನಮ್ಮ ಸುಗ್ಗಿ. ಅರ್ಥಶಾಸ್ತ್ರ ಓದಿದವರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಆದರೂ ನನ್ನ ಬೊಗಸೆ ನೋಡಿ ನಗುವ ಹಕ್ಕು ಈ ಊರಿನವರಿಗಿಲ್ಲ. ಜನವರಿ ಬಂತೆಂದರೆ ಚೀಲಗಟ್ಟಲೆ ಅವರೆಕಾಯಿ ತಂದು, ಹಳೇ ಪೇಪರ್ ಹಾಸಿ ಸುಲಿದು, ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸಿ, ಕೊನೆಗೆ ಒಂದು ಪಾತ್ರೆ ಹಿತಕಿದ ಬೇಳೆ ಸಾರು ಮಾಡುವ ಜನ ನಾವು. ಆ ಸಾರಿಗೆ ಕೂಲಿ ಎಷ್ಟು ಬಿತ್ತು ಎಂದು ಯಾರೂ ಕೇಳಿದ್ದು ಕಾಣೆ. ಸಜ್ಜನ್‌ರಾವ್ ಸರ್ಕಲ್ಲಿನ ಅವರೆ ಮೇಳದಲ್ಲಿ ನೂಕುನುಗ್ಗಲಿಗೆ ಬಿದ್ದು ಅವರೆಕಾಳು ದೋಸೆಗೆ ಕೈ ಚಾಚಿದವರು ಯಾರೂ ನಾಲಗೆಯ ವಿಷಯದಲ್ಲಿ ಲೆಕ್ಕಾಚಾರದ ಮಾತಾಡಬಾರದು.

ಅಮ್ಮನ ಆಕ್ಷೇಪಣೆ ಮಾತ್ರ ಬೇರೆ ಜಾತಿಯದು. ಹಾಸನದ ಕಡೆಯ ಹೊಲ ಕಂಡವಳು ಅವಳು. “ಕುಂಡದಲ್ಲಿ ಬೆಳೆಯೋದು ತುಳಸಿ, ದೊಡ್ಡಪತ್ರೆ. ಹೆಚ್ಚೆಂದ್ರೆ ಕರಿಬೇವು. ಕಾಳು ಬೆಳೆಯೋದು ಹೊಲದಲ್ಲಿ ಕಣೋ” ಎನ್ನುತ್ತಾಳೆ. ಅವಳ ಪ್ರಕಾರ ಅವರೆ, ತೊಗರಿ, ಅಲಸಂದೆ ಇವು ಕಾಳುಗಳು. ಬಟಾಣಿ ಪೇಟೆಯವರ ಶೋಕಿ, ಮದುವೆಮನೆಯ ಪಲಾವಿಗೆ ಬಣ್ಣ ಕೊಡಲು ಹುಟ್ಟಿದ್ದು.

ಶೋಕಿ ಎಂಬುದನ್ನು ನಾನು ಒಪ್ಪುತ್ತೇನೆ. ರಾಜರ ಕಾಲದಿಂದಲೂ ಅದು ಶೋಕಿಯೇ. ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಹಸಿ ಬಟಾಣಿಯ ಹುಚ್ಚು ಎಷ್ಟಿತ್ತೆಂದರೆ, ರಾಜನ ಜೊತೆ ಭರ್ಜರಿ ಊಟ ಮುಗಿಸಿದ ಹೆಂಗಸರು ಮನೆಗೆ ಹೋಗಿ ಮಲಗುವ ಮುಂಚೆ ಮತ್ತೊಂದು ತಟ್ಟೆ ಬಟಾಣಿ ತಿನ್ನುತ್ತಿದ್ದರಂತೆ. ಹಾಗೆಂದು 1696ರ ಒಂದು ಕಾಗದದಲ್ಲಿ ರಾಜನ ಮಡದಿ ಮದಾಂ ದ ಮಾಂತೆನೊ ಬರೆದಿದ್ದಾಳೆ. ನಮ್ಮ ತಳ್ಳುಗಾಡಿಯ ಬಟಾಣಿ ತಿಂದವರಿಗೆ ಈ ಹುಚ್ಚು ಅರ್ಥವಾಗುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಬಟಾಣಿಯ ಸಿಹಿ ಗಿಡದಲ್ಲಿ ಇರುವಷ್ಟು ಹೊತ್ತು ಮಾತ್ರ. ಕಾಯಿ ಕಿತ್ತ ಗಳಿಗೆಯಿಂದ ಒಳಗಿನ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ; ಸೆಕೆ ಇದ್ದರೆ ಇನ್ನೂ ಬೇಗ. ಮೂಟೆಯಲ್ಲಿ ಬಿಸಿಯೇರಿ, ಹೆದ್ದಾರಿಯಲ್ಲಿ ಎರಡು ಮೂರು ದಿನ ಕುಲುಕಿ, ಯಶವಂತಪುರದಲ್ಲೋ ಕಲಾಸಿಪಾಳ್ಯದಲ್ಲೋ ಇಳಿದು, ಗಾಡಿಯ ಮೇಲೆ ನೀರು ಚಿಮುಕಿಸಿಕೊಂಡು ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಅದು ಹಸಿರು ಬಣ್ಣದ ಹಿಟ್ಟು. ಫ್ರೀಜರಿನ ಬಟಾಣಿಯನ್ನು ಕೀಳಾಗಿ ಕಾಣುವವರಿಗೂ ಇಲ್ಲೇ ಒಂದು ಮಾತು ಹೇಳಿಬಿಡಬೇಕು: ಕಿತ್ತ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಕಾಳು ಅನೇಕ ಸಲ ಸಿಪ್ಪೆಯೊಳಗಿನ “ತಾಜಾ” ಕಾಳಿಗಿಂತ ಸಿಹಿ. ಇವೆರಡಕ್ಕಿಂತಲೂ ಸಿಹಿಯಾದದ್ದು ಬೇಕೆಂದರೆ ಗಿಡ ನಿಮ್ಮ ಕೈಗೆಟುಕುವ ದೂರದಲ್ಲಿರಬೇಕು. ಕುಂಡದ ಪರವಾಗಿ ನನ್ನಲ್ಲಿರುವ ವಾದ ಇದೊಂದೇ.

ಬೀಜದ ಪೊಟ್ಟಣ ಒಡೆದವರಿಗೆ ಮೊದಲು ಅಂಗಡಿಯವನ ಮೇಲೆಯೇ ಅನುಮಾನ ಬರುತ್ತದೆ. ಒಳಗಿನ ಕಾಳು ಸುಕ್ಕುಗಟ್ಟಿ, ಸೊಟ್ಟಗಾಗಿ, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತೇನೋ ಎನ್ನಿಸುತ್ತದೆ. ದಿನಸಿ ಅಂಗಡಿಯ ಒಣ ಬಟಾಣಿಯಾದರೋ ಉಂಡುಂಡಗೆ, ನುಣ್ಣಗೆ. ಅದನ್ನು ಬಿತ್ತಿದರೂ ಮೊಳೆಯುತ್ತದೆ, ಬಳ್ಳಿಯೂ ಚೆನ್ನಾಗಿ ಹಬ್ಬುತ್ತದೆ. ಕಾಳು ಮಾತ್ರ ಹಸಿಯಲ್ಲೂ ಸಪ್ಪೆ. ಅದರ ಜಾಗ ಮಸಾಲಪುರಿಯ ಹಂಡೆ. ಆ ಮಸಾಲೆ ಗಟ್ಟಿಯಾಗುವುದೇ ಅದರ ಪಿಷ್ಟದಿಂದ. ಸುಕ್ಕಿದ ಕಾಳಿನಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ, ಸಕ್ಕರೆಯ ಜೊತೆ ನೀರೂ ಹೆಚ್ಚು ಸೇರಿಕೊಳ್ಳುತ್ತದೆ. ಕಾಳು ಒಣಗಿದಾಗ ಆ ನೀರು ಹೋಗಿ ಸಿಪ್ಪೆ ಮುದುರುತ್ತದೆ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯವರು ಈ ಗುಟ್ಟನ್ನು ಜೀನ್ ಮಟ್ಟದಲ್ಲಿ ಬಿಡಿಸಿದ್ದು 1990ರಲ್ಲಿ. ಬೀಜ ಕೊಳ್ಳುವವರು ಸುಕ್ಕು ನೋಡಿಯೇ ಕೊಳ್ಳಬೇಕು. ಅರ್ಕೆಲ್ ಎಂಬ ತಳಿ ಎಲ್ಲ ಕಡೆ ಸಿಗುತ್ತದೆ. ಇಂಗ್ಲೆಂಡಿನಿಂದ ಬಂದದ್ದು, ಒಂದೂವರೆ ಅಡಿಗಿಂತ ಹೆಚ್ಚು ಎತ್ತರಕ್ಕೆ ಹೋಗುವುದಿಲ್ಲ, ಎರಡು ತಿಂಗಳೊಳಗೆ ಕಾಯಿ ಕೊಡುತ್ತದೆ. ಕುಂಡಕ್ಕೆ ಇಂಥ ಗಿಡ್ಡ ತಳಿಯೇ ಸರಿ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅಜಿತ್‌ಗೆ ಬೂದಿರೋಗ ತಡೆಯುವ ಶಕ್ತಿಯಿದೆ. ಅರ್ಕಾ ಸಂಪೂರ್ಣವನ್ನು ಸಿಪ್ಪೆ ಸಮೇತ ತಿನ್ನಬಹುದು. ಒಂದು ಎಚ್ಚರಿಕೆ. ನರ್ಸರಿಯಲ್ಲಿ “ಸ್ವೀಟ್ ಪೀ” ಎಂದು ಕೇಳಿದರೆ ಘಮಘಮಿಸುವ ಹೂವಿನ ಬಳ್ಳಿಯ ಬೀಜ ಕೊಡುತ್ತಾರೆ. ಅದರ ಕಾಳು ವಿಷ. ಬಟಾಣಿ ಎಂದೇ ಕೇಳಿ.

ಗುಂಡು ಕಾಳು, ಸುಕ್ಕು ಕಾಳು ಎಂದ ಮೇಲೆ ಮೆಂಡಲನನ್ನು ಬಿಟ್ಟು ಹೋಗುವಂತಿಲ್ಲ. ಪಿಯುಸಿಯಲ್ಲಿ ಅವನ ನಿಯಮಗಳ ಚೌಕಗಳನ್ನು ಬರೆದು ಅಂಕ ತೆಗೆದುಕೊಂಡ ನಮಗೆ ಅವನೊಬ್ಬ ಕೈತೋಟದವನು ಎಂಬುದು ಮರೆತೇ ಹೋಗಿದೆ. ಬ್ರನೋ ಊರಿನ ಮಠದಲ್ಲಿ 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ತುಂಡು ನೆಲ. ನಮ್ಮ ಬಡಾವಣೆಗಳ ಒಂದೆರಡು ಸೈಟಿನಷ್ಟು ಇದ್ದೀತು. ಶಿಕ್ಷಕರ ಪರೀಕ್ಷೆ ಪಾಸು ಮಾಡಲಾಗದ ಈ ಸನ್ಯಾಸಿ 1856ರಿಂದ 1863ರವರೆಗೆ ಅಲ್ಲಿ ಸುಮಾರು 28,000 ಬಟಾಣಿ ಗಿಡ ಬೆಳೆಸಿದ. ನನಗೆ ಅವನು ಹತ್ತಿರದವನಾದದ್ದು ಬೇರೊಂದು ವಿವರದಿಂದ. ಅವನು ಕೆಲವು ಗಿಡಗಳನ್ನು ಕುಂಡದಲ್ಲೂ ಇಟ್ಟಿದ್ದ. ಹೂ ಬಿಡುವ ಕಾಲಕ್ಕೆ ಆ ಕುಂಡಗಳನ್ನು ಗಾಜಿನ ಮನೆಯೊಳಗೆ ಒಯ್ಯುತ್ತಿದ್ದ. ಹೊರಗಿನ ಗಿಡಗಳಲ್ಲಿ ಕೀಟಗಳೇನಾದರೂ ಬೆರಕೆ ಮಾಡುತ್ತಿವೆಯೇ ಎಂದು ತಾಳೆ ನೋಡಲು. ಬಳ್ಳಿಗಳಿಗೆ ಕೋಲು, ಮರದ ಟೊಂಗೆ, ಎಳೆದು ಕಟ್ಟಿದ ದಾರ ಇವನ್ನು ಆಸರೆಯಾಗಿ ಕೊಟ್ಟಿದ್ದನ್ನೂ ಬರೆದಿಟ್ಟಿದ್ದಾನೆ. ಒಂದು ಪ್ರಯೋಗದಲ್ಲಿ 5,474 ಗುಂಡು ಕಾಳು, 1,850 ಸುಕ್ಕು ಕಾಳು ಎಣಿಸಿದ. ಕೂತು, ಕೈಯಿಂದ. 1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಎದ್ದುನಿಂತು ಎಲ್ಲ ವಿವರಿಸಿದ. ಕೇಳಿದವರು ಎದ್ದು ಮನೆಗೆ ಹೋದರು. 1884ರಲ್ಲಿ ಅವನು ಸತ್ತ. ಅವನು ಏನು ಕಂಡುಹಿಡಿದನೆಂದು ಲೋಕಕ್ಕೆ ಗೊತ್ತಾಗಲು 1900 ಬರಬೇಕಾಯಿತು. ಎಷ್ಟು ಸಿಗುತ್ತೆ ಎಂಬ ಪ್ರಶ್ನೆಯನ್ನು ಅವನಿಗೂ ಮಠದಲ್ಲಿ ಯಾರಾದರೂ ಕೇಳಿಯೇ ಇದ್ದಾರು.

ನಮ್ಮ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಬಟಾಣಿಯ ಪಂಚಾಂಗ ದೀಪಾವಳಿಯಿಂದ ಶುರು. ಹಿಂಗಾರು ಮಳೆ ಜೋರಾಗಿರುವಾಗ ಬಿತ್ತಿದರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ಹಬ್ಬ ಮುಗಿದು ಆಕಾಶ ತಿಳಿಯಾದ ಮೇಲೆ ಹಾಕಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಸಸಿ ಗೇಣುದ್ದ, ಧನುರ್ಮಾಸಕ್ಕೆ ಹೂ, ಸಂಕ್ರಾಂತಿಗೆ ಕಾಯಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಬಟಾಣಿಯೂ ಮುಗಿದಂತೆಯೇ. ಬಿಸಿಲು 30 ಡಿಗ್ರಿ ದಾಟಿತೆಂದರೆ ಹೂ ಉದುರುತ್ತದೆ, ಕಟ್ಟಿದ ಕಾಯಿಯೂ ಸೊರಗುತ್ತದೆ. ಕೊಡಗು, ಚಿಕ್ಕಮಗಳೂರಿನವರಿಗೆ ಇನ್ನಷ್ಟು ಕಾಲಾವಕಾಶ ಉಂಟು. ಮಂಗಳೂರಿನವರು ಕ್ಷಮಿಸಬೇಕು, ಅವರ ಸೆಕೆಗೆ ಅಲಸಂಡೆಯೇ ದೇವರು ಕೊಟ್ಟ ಕಾಳು.

ಪಾತ್ರೆಯ ವಿಷಯದಲ್ಲಿ ಬಟಾಣಿಗೆ ಹಮ್ಮಿಲ್ಲ. ಹತ್ತು ಅಂಗುಲ ಆಳ, ತಳದಲ್ಲಿ ತೂತು, ದಿನಕ್ಕೆ ಐದಾರು ಗಂಟೆ ಬಿಸಿಲು, ಇಷ್ಟಾದರೆ ಮಣ್ಣಿನ ಕುಂಡವಾಗಲಿ, ಪೇಂಟ್ ಬಕೆಟ್ಟಾಗಲಿ, ಹಣ್ಣಿನಂಗಡಿಯವರು ಎಸೆದ ಥರ್ಮಾಕೋಲ್ ಪೆಟ್ಟಿಗೆಯಾಗಲಿ, ಒಪ್ಪಿಕೊಳ್ಳುತ್ತದೆ. ಕರಿ ಪ್ಲಾಸ್ಟಿಕ್ ಮಾತ್ರ ಬೇಡ, ಮಧ್ಯಾಹ್ನದ ಬಿಸಿಲಿಗೆ ಬೇರು ಬೇಯುತ್ತದೆ. ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ರಾತ್ರಿ ನೆನೆಸಿದ ಬೀಜವನ್ನು ಒಂದಂಗುಲ ಆಳಕ್ಕೆ ಒತ್ತಿ. ಕೆಲವು ಪೊಟ್ಟಣಗಳ ಬೀಜಕ್ಕೆ ಗುಲಾಬಿ ಬಣ್ಣ ಬಳಿದಿರುತ್ತದೆ. ಅದು ಶಿಲೀಂಧ್ರನಾಶಕ, ಮುಟ್ಟಿದ ಕೈ ತೊಳೆಯಬೇಕು. ಬಣ್ಣವಿಲ್ಲದ ಬೀಜವಾದರೆ ರೈತರು ಮಾಡುವ ಬೀಜೋಪಚಾರ ಮಾಡಬಹುದು: ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತುವುದು. ಈ ಬ್ಯಾಕ್ಟೀರಿಯಾ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಆದ್ದರಿಂದ ಅತಿಯಾಗಿ ಗೊಬ್ಬರ ಸುರಿಯುವ ಪ್ರೀತಿ ಬೇಡ. ಹೊಟ್ಟೆ ತುಂಬಿದ ಬಟಾಣಿ ಎಲೆ ಬಿಡುತ್ತ ಕೂರುತ್ತದೆ, ಹೂವಿನ ಸುದ್ದಿ ಎತ್ತುವುದಿಲ್ಲ.

ಬೆಂಗಳೂರಿನಲ್ಲಿ ತಾರಸಿ ತೋಟವನ್ನು ಜನರಿಗೆ ಹಚ್ಚಿದವರು ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್. ಅವರ ಬಳಗದ “ಊಟ ಫ್ರಮ್ ಯುವರ್ ತೋಟ” ಸಂತೆಗಳಲ್ಲಿ ಬೀಜ, ಗೊಬ್ಬರ, ಸಲಹೆ ಮೂರೂ ಸಿಗುತ್ತಿದ್ದವು. ಪಾರಿವಾಳಕ್ಕೆ ಮದ್ದು ಮಾತ್ರ ಯಾವ ಸಂತೆಯಲ್ಲೂ ಸಿಕ್ಕಿಲ್ಲ. ಅವಕ್ಕೆ ಮೊಳಕೆ ಬಂದ ಬಟಾಣಿ ಎಂದರೆ ಪ್ರಾಣ. ಮಣ್ಣು ಬಿರಿದು ಹಸಿರು ಕುತ್ತಿಗೆ ಕಾಣಿಸಿದ ಬೆಳಗ್ಗೆ ಬರುತ್ತವೆ. ಮುಂಚಿನ ದಿನವೂ ಅಲ್ಲ, ಮರುದಿನವೂ ಅಲ್ಲ. ಸಸಿ ಹಿಡಿದು ಎಳೆದು, ಬುಡದ ಕಾಳು ಕಿತ್ತುಕೊಂಡು, ಸಸಿಯನ್ನು ನನಗಾಗಿ ಅಲ್ಲೇ ಬಿಟ್ಟುಹೋಗುತ್ತವೆ. ಹಳೇ ಸಿ.ಡಿ. ನೇತುಹಾಕಿ ಎನ್ನುತ್ತಾರೆ. ನಮ್ಮ ತಾರಸಿಯ ಪಾರಿವಾಳಗಳು ಅದರಲ್ಲಿ ಮುಖ ನೋಡಿಕೊಳ್ಳುತ್ತವೆ. ಬಲೆ ಹೊದಿಸುವುದೊಂದೇ ದಾರಿ, ಸಸಿ ನಾಲ್ಕಂಗುಲ ಆಗುವವರೆಗೆ.

ಆಮೇಲೆ ಶುರುವಾಗುತ್ತದೆ ನೋಡಿ, ಬಟಾಣಿಯ ನಿಜವಾದ ಸೊಗಸು. ಎಲೆಯ ತುದಿಯ ದಳಗಳೇ ಎಲೆಯಾಗುವುದನ್ನು ಬಿಟ್ಟು ದಾರದಂಥ ಕುಡಿಗಳಾಗುತ್ತವೆ. ಆ ಕುಡಿ ಸುಮ್ಮನಿರುವುದಿಲ್ಲ. ಕತ್ತಲೆ ಕೋಣೆಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವ ಕೈಯ ಹಾಗೆ ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿರುತ್ತದೆ. ಏನಾದರೂ ತಗುಲಿತೋ, ತಗುಲಿದ ಮಗ್ಗುಲಿಗೆ ಬಾಗಿ ಸುತ್ತಿಕೊಳ್ಳುತ್ತದೆ. ಬೆಳಗ್ಗೆ ಕಾಫಿ ಹೊತ್ತಿಗೆ ಬರೀ ಗಾಳಿಯಲ್ಲಿದ್ದ ಕುಡಿ ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಕಡ್ಡಿಗೆ ಎರಡು ಸುತ್ತು ಹಾಕಿರುತ್ತದೆ. ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು ಡಾರ್ವಿನ್. ಕಾಯಿಲೆಯಾಗಿ ಕೋಣೆಯಲ್ಲೇ ಉಳಿಯಬೇಕಾಗಿ ಬಂದಾಗ ಹಾಪ್ ಬಳ್ಳಿಯ ಕುಂಡವೊಂದನ್ನು ಪಕ್ಕದಲ್ಲಿಟ್ಟುಕೊಂಡು ಅದರ ತುದಿ ಎಷ್ಟು ಹೊತ್ತಿಗೆ ಒಂದು ಸುತ್ತು ಮುಗಿಸುತ್ತದೆಂದು ಹಗಲೂ ರಾತ್ರಿ ಗುರುತು ಮಾಡಿಕೊಂಡ. ಹಬ್ಬುವ ಗಿಡಗಳ ಮೇಲೆ ಅವನ ಉದ್ದನೆಯ ಪ್ರಬಂಧ ಬಂದದ್ದೂ 1865ರಲ್ಲೇ, ಅತ್ತ ಬ್ರನೋದಲ್ಲಿ ಮೆಂಡಲ್ ಮಾತಾಡಿದ ವರ್ಷ. ಮೆಂಡಲನ ಕೆಲಸ ಡಾರ್ವಿನ್ನನ ಕೈಗೆ ಸಿಕ್ಕಿದ್ದರೆ ಜೀವಶಾಸ್ತ್ರದ ಚರಿತ್ರೆಯೇ ಬೇರೆಯಾಗುತ್ತಿತ್ತೇನೋ.

ಆಸರೆಯ ಬಗ್ಗೆ ಜನ ಎಡವುವುದು ಸಾಮಾನ್ಯ. ದಪ್ಪ ಬಿದಿರು ನೆಟ್ಟು, ಬಳ್ಳಿ ಯಾಕೆ ಹತ್ತುತ್ತಿಲ್ಲ ಎಂದು ಚಿಂತೆ ಮಾಡುತ್ತಾರೆ. ಅಷ್ಟು ಸಣ್ಣ ಕುಡಿಗೆ ಬಿದಿರನ್ನು ಸುತ್ತಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ ಕಡ್ಡಿ, ದಾರ, ಬಲೆ. ನಮ್ಮ ಮನೆಯ ಕಡ್ಡಿಪೊರಕೆ ಪ್ರತಿ ನವೆಂಬರಿನಲ್ಲಿ ತೆಳ್ಳಗಾಗುತ್ತದೆ. ತೆಂಗಿನ ಗರಿಕಡ್ಡಿಗಿಂತ ಉತ್ತಮವಾದ ಆಸರೆಯನ್ನು ನಾನು ಕಂಡಿಲ್ಲ. ಹೆಂಡತಿ ಈಗ ಎರಡು ಪೊರಕೆ ತರುತ್ತಾಳೆ, ಒಂದು ಗುಡಿಸಲು, ಒಂದು ಬಟಾಣಿಗೆ. ರಾತ್ರಿ ಮರೆತು ಬಿಟ್ಟ ಟವೆಲ್ಲಿನ ಅಂಚಿಗೂ ಕುಡಿ ಸುತ್ತಿಕೊಂಡಿರುವುದುಂಟು. ಅಂಥ ಟವೆಲ್ಲನ್ನು ಎಳೆಯಬಾರದು, ಬಿಡಿಸಬೇಕು.

ಧನುರ್ಮಾಸದಲ್ಲಿ ಬಿಳಿ ಹೂ ಬಿಡುತ್ತದೆ, ನಮ್ಮ ಮನೆಯಲ್ಲಿ ಜಗಳವೂ ಶುರುವಾಗುತ್ತದೆ. ಹೂ ಕಂಡರೆ ಅಮ್ಮನ ಕೈ ಸುಮ್ಮನಿರದು.

“ಅಮ್ಮ, ಒಂದು ಹೂ ಕಿತ್ತರೆ ಒಂದು ಕಾಯಿ ಹೋಯ್ತು.”

“ದೇವರಿಗೆ ಕೊಟ್ಟದ್ದನ್ನ ಹೋಯ್ತು ಅಂತಾರೇನೋ?”

ಇದಕ್ಕೆ ಉತ್ತರವಿಲ್ಲ. ಹೂವಿನ ವಿಷಯದಲ್ಲಿ ಬಟಾಣಿಯಷ್ಟು ಸ್ವಾವಲಂಬಿ ಗಿಡ ಕಡಿಮೆ ಎಂಬುದನ್ನಾದರೂ ಅವಳಿಗೆ ಹೇಳಿ ನೋಡಿದೆ. ತಾರಸಿಯಲ್ಲಿ ಹೀರೆ, ಕುಂಬಳ ಹಾಕಿದವರು ಜೇನುಹುಳ ಬರಲಿಲ್ಲವೆಂದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾವೇ ಸವರುತ್ತಾರೆ. ಬಟಾಣಿ ಹೂ ಅರಳುವುದರೊಳಗೇ ಪರಾಗ ಅದರದೇ ಶಲಾಕೆಯ ಮೇಲೆ ಬಿದ್ದು ಕೆಲಸ ಮುಗಿದಿರುತ್ತದೆ. ನಾಲ್ಕನೇ ಮಹಡಿಯ ಬಾಲ್ಕನಿಗೆ ಒಂದು ಜೇನೂ ಹಾರಿ ಬರದಿದ್ದರೂ ಕಾಯಿ ಕಟ್ಟುತ್ತದೆ. ಮೆಂಡಲ್ ಬಟಾಣಿಯನ್ನು ಆರಿಸಿಕೊಂಡದ್ದಕ್ಕೂ ಇದು ಒಂದು ಕಾರಣ. ಅಮ್ಮ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಅರಳಿದ ಮೇಲೆ ಹೂವಿನ ಕೆಲಸ ಮುಗೀತಲ್ಲ, ಕಿತ್ತರೇನು?” ಎಂದಳು. ವಿಜ್ಞಾನ ಹೇಳಿಕೊಟ್ಟರೆ ಹೀಗಾಗುತ್ತದೆ. ಕಾಯಿ ಹುಟ್ಟುವುದೇ ಆ ಹೂವಿನೊಳಗಿಂದ ಎಂದು ವಿವರಿಸಿ, ಕೊನೆಗೆ ರಾಜಿ ಮಾಡಿಕೊಂಡೆವು: ಮೊದಲ ಹೂಗಳೆಲ್ಲ ನನಗೆ, ಜನವರಿ ಕೊನೆಯವು ದೇವರಿಗೆ. ಆ ಕೊನೆಯವು ಹೇಗೂ ಬಿಸಿಲಿಗೆ ಉದುರುವವು ಎಂಬುದು ಅಮ್ಮನಿಗೂ ಗೊತ್ತು, ದೇವರಿಗೂ ಗೊತ್ತು.

ರೋಗರುಜಿನದ ಮಾತು ಬೇಗ ಮುಗಿಸುತ್ತೇನೆ. ಎಲೆಯ ಮೇಲೆ ಬಿಳಿ ಗೆರೆ ಎಳೆದಿದ್ದರೆ ರಂಗೋಲಿ ಹುಳು, ಆ ಎಲೆ ಕಿತ್ತುಹಾಕಿದರಾಯಿತು. ಕುಡಿಯಲ್ಲಿ ಹೇನು ಕೂತರೆ ನೀರು ಚಿಮ್ಮಿಸಿ, ಬೇವಿನೆಣ್ಣೆ ಸಿಂಪಡಿಸಿ. ಬಿಳಿ ಹಿಟ್ಟು ಉದುರಿಸಿದಂತೆ ಕಂಡರೆ ಬೂದಿರೋಗ. ಹುಳಿ ಮಜ್ಜಿಗೆ ತೆಳ್ಳಗೆ ಮಾಡಿ ಹೊಡೆಯುವವರಿದ್ದಾರೆ, ನಾನೂ ಹೊಡೆಯುತ್ತೇನೆ, ಆದರೆ ಅದು ಬರುವ ಹೊತ್ತಿಗೆ ಕಾಯಿ ಅರ್ಧ ಮುಗಿದಿರುತ್ತದೆ. ನೀರಿನ ಮಾತು ಮಾತ್ರ ಮುಖ್ಯ. ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕಿ ಪುಣ್ಯ ಕಟ್ಟಿಕೊಳ್ಳುವವರು ಬಹಳ ಇದ್ದಾರೆ. ಅದರಲ್ಲಿ ಉಪ್ಪಿನಂಶ ಹೆಚ್ಚು, ಬಟಾಣಿಗೆ ಉಪ್ಪು ಆಗದು. ಅಕ್ಕಿ, ಬೇಳೆ ತೊಳೆದ ನೀರು ಹಾಕಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾಗಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿದಾಗ ಟೊಮೆಟೊ ಬೆಳೆದವರೆಲ್ಲ ಬಕೆಟ್ ಬಚ್ಚಿಟ್ಟುಕೊಂಡು ಓಡಾಡಿದರು. ಬಟಾಣಿಯವರದು ಅಷ್ಟರಲ್ಲಿ ಮುಗಿದಿತ್ತು. ಚಳಿಗಾಲದ ಬೆಳೆಯ ಅನುಕೂಲ ಅದು.

ಕಾಯಿ ಉಬ್ಬಿ, ಸಿಪ್ಪೆ ಇನ್ನೂ ಹೊಳೆಯುತ್ತಿರುವಾಗಲೇ ಕೀಳಬೇಕು. ಹೊಳಪು ಹೋಗಿ ಬಲೆ ಬಲೆಯಾಗಿ ಕಂಡರೆ ತಡವಾಯಿತು. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಕೀಳಿ, ಇಲ್ಲದಿದ್ದರೆ ಕಾಯಿಯ ಜೊತೆ ಬಳ್ಳಿಯೂ ಬರುತ್ತದೆ. ಅಲ್ಲೇ ನಿಂತು ಸೀಳಿ, ಹೆಬ್ಬೆರಳಲ್ಲಿ ಕಾಳು ತಳ್ಳಿ ಬಾಯಿಗೆ ಹಾಕಿಕೊಳ್ಳಿ. ಇದನ್ನು ಅಡುಗೆಮನೆಗೆ ಒಯ್ದು ಉಪ್ಪಿಟ್ಟಿಗೆ ಹಾಕುವುದು ದಂಡ. ಸಾಗುವಿಗೆ, ಪಲಾವಿಗೆ ತಳ್ಳುಗಾಡಿಯದೇ ಸಾಕು, ನಮ್ಮ ಮನೆಯಲ್ಲೂ ಅದೇ ಬರುತ್ತದೆ. ಬಿಸಿಲು ಕಡಿಮೆ ಇರುವ ಬಾಲ್ಕನಿಯವರು ಕಾಯಿಯ ಆಸೆ ಬಿಟ್ಟು ಅಗಲವಾದ ತಟ್ಟೆಯಲ್ಲಿ ಒತ್ತೊತ್ತಾಗಿ ಕಾಳು ಹಾಕಿ, ಎರಡು ಮೂರು ವಾರಕ್ಕೆ ಎಳೆಕುಡಿ ಕತ್ತರಿಸಿ ತಿನ್ನಬಹುದು. ಉತ್ತರ ಕರ್ನಾಟಕದವರು ಕಡಲೆ ಸೊಪ್ಪು ಹಸಿಯಾಗಿ ತಿನ್ನುವುದಿಲ್ಲವೇ, ಅದೇ ಸುಖ. ಇದಕ್ಕೆ ದಿನಸಿ ಅಂಗಡಿಯ ಒಣ ಬಟಾಣಿಯೇ ನಡೆಯುತ್ತದೆ. ನೆನೆಹಾಕಿದ ನೀರು ಹಸಿರಾದರೆ ಅದು ಬಣ್ಣ ಹಚ್ಚಿದ ಮಾಲು, ಚೆಲ್ಲಿಬಿಡಿ.

ಬಳ್ಳಿ ಒಣಗಿದ ಮೇಲೆ ಬುಡ ಸಮೇತ ಕೀಳಬೇಡಿ. ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಬೇರು ಒಳಗೇ ಕೊಳೆಯಲಿ. ಅದೇ ಕುಂಡಕ್ಕೆ ಬದನೆ ಸಸಿಯನ್ನೋ ಮೆಣಸಿನ ಸಸಿಯನ್ನೋ ನೆಡಿ. ಕೀಳಲೇಬೇಕೆನ್ನುವ ಕುತೂಹಲ ಇದ್ದರೆ ಹೂ ಬಿಡುವ ಕಾಲದಲ್ಲಿ ಒಂದು ಗಿಡ ಕಿತ್ತು ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಸಾರಜನಕದ ಕೆಲಸ ನಡೆಯುತ್ತಿದೆ ಎಂದರ್ಥ. ಹುಟ್ಟಿದ ಕಾಯಿಗಳಲ್ಲಿ ದಪ್ಪನೆಯ ನಾಲ್ಕಾರನ್ನು ಬಳ್ಳಿಯಲ್ಲೇ ಗಲಗಲ ಎನ್ನುವವರೆಗೆ ಒಣಗಿಸಿಕೊಳ್ಳಿ. ತನ್ನ ಪರಾಗಕ್ಕೇ ಕಾಯಿ ಕಟ್ಟುವ ಗಿಡವಾದ್ದರಿಂದ ಮುಂದಿನ ವರ್ಷವೂ ಅದೇ ತಳಿ, ಅದೇ ರುಚಿ; ಪ್ರತಿ ವರ್ಷ ಪೊಟ್ಟಣಕ್ಕೆ ದುಡ್ಡು ಕೊಡಬೇಕಿಲ್ಲ. ಬೇವಿನ ಸೊಪ್ಪಿನ ಜೊತೆ ಡಬ್ಬಿಯಲ್ಲಿಟ್ಟರೆ ಹುಳ ಹಿಡಿಯುವುದು ಕಡಿಮೆ. ನನ್ನಲ್ಲಿ ಒಂದು ಬಾಟಲಿ ಸುಕ್ಕಿದ ಬೀಜ ಇದೆ. ಬೇಕಾದವರು ದೀಪಾವಳಿಗೆ ಮುಂಚೆ ಹೇಳಿ ಕಳಿಸಿ. ಹಬ್ಬ ಕಳೆದು ಎರಡು ವಾರದ ಮೇಲೆ ಕೇಳಿದರೆ ಬೀಜ ಇರುವುದಿಲ್ಲ.